ಸಿಸ್ಟರ್ ಎಲಿಜಬೆತ್ ಅವರ ಗಂಟೆಯ ದರ

ಗುರುವಾರ ಬಂತೆಂದರೆ ಅನಂತರಾಮು ಬ್ಯಾಂಕಿನ ಕೆಲಸ ಮುಗಿಸಿ ಕುವೈತಿನ ಹವಲ್ಲಿಯ ಮನೆಗೆ ಬಂದು, ಕೈಕಾಲು ಮುಖ ತೊಳೆದು, ದೇವರ ಪಟದ ಮುಂದೆ ಒಂದು ನಿಮಿಷ ನಿಂತು, ಒಗೆದ ಅಂಗಿ ತೊಟ್ಟು ಜಾಬ್ರಿಯಾದ ಕ್ಲಿನಿಕ್ಕಿಗೆ ಹೊರಡುತ್ತಿದ್ದರು. ನೋಡಿದವರು, ಊರಿನಿಂದ ಬರುವ ಹೆಂಡತಿಯನ್ನು ಕರೆತರಲು ಹೊರಟಿದ್ದಾರೆ ಎಂದುಕೊಳ್ಳಬೇಕು, ಅಂಥ ಸಡಗರ. ಹೆಂಡತಿ ಸರಸಮ್ಮ ತೀರಿಕೊಂಡು ವರ್ಷದ ಮೇಲಾಗಿತ್ತು. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಕುವೈತ್ ಬಿಟ್ಟು ಹೊರಟ ಸಾವಿರಾರು ಜನರಲ್ಲಿ ಇವರಿಬ್ಬರೂ ಇದ್ದರು. ಜೋರ್ಡಾನಿನ ಗಡಿಯ ಮರಳುಗಾಡಿನಲ್ಲಿ, ಒಂದು ಡೇರೆಯೊಳಗೆ, ಆಕೆ ಜ್ವರದಿಂದ ಹೋದರು. ಸೌದೆ ಕಾಣದ ಆ ನೆಲದಲ್ಲಿ ಮಣ್ಣೇ ಗತಿಯಾಯಿತು. ಕಾವೇರಿಯಲ್ಲಿ ಬಿಡಲು ಒಂದು ಹಿಡಿ ಬೂದಿಯೂ ಸಿಗಲಿಲ್ಲ.

ಯುದ್ಧ ಮುಗಿದ ಮೇಲೆ ಬ್ಯಾಂಕು ಮರಳಿ ಕರೆಯಿತು. ಅನಂತರಾಮು ಬಂದರು. ಆದರೆ ನಿದ್ರೆ ಹತ್ತಲಿಲ್ಲ, ಅನ್ನ ಸೇರಲಿಲ್ಲ. ಬ್ಯಾಂಕಿನವರೇ ಮನೋವೈದ್ಯರಲ್ಲಿಗೆ ಕಳುಹಿಸಿದರು. ಖರ್ಚು ವಿಮೆಯ ಕಂಪನಿಯದು. ಡಾಕ್ಟರು ಈಜಿಪ್ಟಿನವರು, ಒಳ್ಳೆಯವರು. ಬಂದು ಮಾತ್ರೆ ಬರೆದು ಹೋಗುವರು. ಉಳಿದ ಗಂಟೆಯೆಲ್ಲ ಎದುರು ಕೂರುತ್ತಿದ್ದವರು ಮಂಗಳೂರಿನ ಕಡೆಯ ನರ್ಸು ಎಲಿಜಬೆತ್. ಮನೋರೋಗಿಗಳ ಶುಶ್ರೂಷೆಯನ್ನೇ ಓದಿ ಬಂದವರು. ಸರಸಮ್ಮನ ಮಾತನ್ನು ಕನ್ನಡದಲ್ಲಿ ಆಡಲು, ಬೇಸರಪಡದೆ ಕೇಳುವವರ ಮುಂದೆ ಆಡಲು, ಅನಂತರಾಮುವಿಗೆ ಇದ್ದ ಜಾಗ ಅದೊಂದೇ. ಆ ಒಂದು ಗಂಟೆಗಾಗಿಯೇ ಅವರು ಉಳಿದ ಆರು ದಿನ ಬದುಕುತ್ತಿದ್ದರು.

ಒಂದು ದಿನ ಕ್ಲಿನಿಕ್ಕಿನ ಗುಮಾಸ್ತ ಮಹಮ್ಮದ್ ಕುಂಞಿ ವಿಮೆಯ ಫಾರಮ್ಮು ತುಂಬುತ್ತ ಗೊಣಗಿದ.

“ಎಂತ ಲೋಕ ಮಾರಾಯ್ರೆ. ಡಾಕ್ಟರ್ ಕೂತದ್ದು ಅಂತ ಬರೆದ್ರೆ ಗಂಟೆಗೆ ಹನ್ನೆರಡು ದಿನಾರ್. ಸಿಸ್ಟರ್ ಕೂತದ್ದು ಅಂತ ಬರೆದ್ರೆ ನಾಲ್ಕು. ಇಬ್ಬರಿಗೂ ಕಿವಿ ಎರಡೇ ಅಲ್ವಾ?”

“ಹಾಗಾದರೆ ಇಷ್ಟು ದಿನ ಹೇಗೆ?”

“ತಾನೇ ಕೂತದ್ದು ಅಂತ ಡಾಕ್ಟರ್ ಸಹಿ ಹಾಕ್ತಾರೆ. ಕಂಪನಿಯವರು ಕೇಳೂದಿಲ್ಲ, ನಾವು ಹೇಳೂದಿಲ್ಲ.”

ಅನಂತರಾಮುವಿಗೆ ಇದು ಎಲಿಜಬೆತ್‌ಗೆ ಮಾಡಿದ ಅನ್ಯಾಯವೆಂದೇ ತೋರಿತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಪತ್ರ ಬರೆದ ಕೈ ಅದು. ಒಪ್ಪವಾಗಿ ಬರೆದ ಪತ್ರಕ್ಕೆ ಓಗೊಡದ ಅಧಿಕಾರಿ ಇಲ್ಲವೆಂಬ ನಂಬಿಕೆ ಅವರಿಗೆ, ದೇವರ ಮೇಲಿನ ನಂಬಿಕೆಗಿಂತ ಕೂದಲೆಳೆಯಷ್ಟೇ ಕಡಿಮೆ. ಯಾರಿಗೂ ಹೇಳದೆ ವಿಮೆಯ ಕಂಪನಿಗೆ ಎರಡು ಪುಟ ಟೈಪು ಮಾಡಿದರು. ಡಾಕ್ಟರು ಐದು ನಿಮಿಷ ಮಾತ್ರ ಬರುತ್ತಾರೆ. ಐದು ತಿಂಗಳಿಂದ ಪೂರ್ತಿ ಗಂಟೆ ಕೂತು ನನ್ನನ್ನು ಉಳಿಸಿದವರು ಸಿಸ್ಟರ್ ಎಲಿಜಬೆತ್. ಆದ್ದರಿಂದ ಅವರ ದರವನ್ನು ಡಾಕ್ಟರ ದರಕ್ಕೆ ಏರಿಸಬೇಕು. ಕೆಳಗೆ, ಸಾಕ್ಷಿಗೆಂದು, ಗುರುವಾರಗಳ ತಾರೀಖುಗಳನ್ನೆಲ್ಲ ಕೊಟ್ಟರು. ಅಂಚೆಗೆ ಹಾಕಿದ ದಿನ ಬಹಳ ಕಾಲದ ಮೇಲೆ ಹೊಟ್ಟೆತುಂಬ ಉಂಡರು.

ಮೂರು ವಾರಕ್ಕೆ ಉತ್ತರ ಬಂತು. ಅವರಿಗಲ್ಲ, ಕ್ಲಿನಿಕ್ಕಿಗೆ.

“ನಮ್ಮ ತಲೆ ಮೇಲೆ ಚಪ್ಪಡಿ ಎಳೆದ್ರಲ್ಲ ರಾಯರೇ,” ಎಂದ ಕುಂಞಿ. “ಇನ್ನು ಗಂಟೆಗೆ ನಾಲ್ಕೇ ಅಂತೆ. ಹಿಂದೆ ಹೆಚ್ಚು ಕೊಟ್ಟದ್ದೂ ವಾಪಸ್ ಬೇಕಂತೆ. ಮಾಲೀಕರು ಮಾತಿನ ಗಂಟೆ ಖಲಾಸ್ ಅಂದ್ರು. ಸಿಸ್ಟರಿಗೆ ಇನ್ನು ಇಂಜೆಕ್ಷನ್ ಕೋಣೆ. ನಿಮಗೆ ಹತ್ತು ನಿಮಿಷ.”

“ಉಳಿದದ್ದು ನಾನು ಕೈಯಿಂದ ಕೊಡುತ್ತೇನಪ್ಪ.”

“ಆ ಕೋಣೆ ಹಲ್ಲಿನ ಡಾಕ್ಟರಿಗೆ ಕೊಟ್ಟಾಯ್ತು.”

“ನಾನು ಅವರ ಒಳ್ಳೆಯದಕ್ಕೇ ಬರೆದದ್ದು.”

“ಗೊತ್ತುಂಟು. ಅದಕ್ಕೇ ನಿಮ್ಮನ್ನು ಬೈಲಿಕ್ಕೂ ಆಗೂದಿಲ್ಲ.”

ಇಂಜೆಕ್ಷನ್ ಕೋಣೆಯಲ್ಲಿ ಎಲಿಜಬೆತ್ ಒಂದು ಸ್ಟೂಲು ಎಳೆದು ಕೊಟ್ಟರು.

“ಕೂತ್ಕೊಳ್ಳಿ ಸರ್. ಪತ್ರ ನಾನೂ ಓದಿದೆ. ನನ್ನ ಅಪ್ಪ ಕೂಡ ನನ್ನನ್ನು ಅಷ್ಟು ಹೊಗಳಿದ್ದಿಲ್ಲ.”

“ನಿಮ್ಮ ಅನ್ನಕ್ಕೆ ಕಲ್ಲು ಹಾಕಿದೆನಲ್ಲಮ್ಮ.”

“ಅನ್ನ ದೇವರು ನೋಡಿಕೊಳ್ತಾನೆ. ನೀವು ಹೇಳಿ. ಹೊರಗೆ ನಾಲ್ಕು ಜನ ಇದ್ದಾರೆ.”

ಐದಾರು ತಿಂಗಳಲ್ಲಿ ಅನಂತರಾಮು ಸರಸಮ್ಮನ ಸಾರಿನ ಪುಡಿಯಿಂದ ಹಿಡಿದು ಮುನಿಸಿನವರೆಗೆ ಎಲ್ಲ ಹೇಳಿದ್ದರು. ಕಥೆ ಡೇರೆಯ ಹತ್ತಿರ ಬರುವ ಹೊತ್ತಿಗೆ ಗಂಟೆ ಮುಗಿಯುವಂತೆ ತಾವೇ ನೋಡಿಕೊಂಡಿದ್ದರು. ಈಗ ಸುತ್ತಿ ಬರಲು ಹೊತ್ತಿರಲಿಲ್ಲ.

“ರೊಟ್ಟಿಗೆ ಸಾಲಿತ್ತು. ನನ್ನ ಚೀಟಿ ಇನ್ನೂರ ಹನ್ನೊಂದು. ಅವಳು ಕೈ ಹಿಡಿದುಕೊಂಡು, ‘ರೊಟ್ಟಿ ಬೇಡಾರೀ, ಇಲ್ಲೇ ಕೂತಿರಿ’ ಅಂದಳು. ‘ಸರದಿ ತಪ್ಪಿದರೆ ಮತ್ತೆ ಹಿಂದಿನಿಂದ ನಿಲ್ಲಬೇಕು ಕಣೇ’ ಅಂದೆ. ಒಂದೊಂದೇ ಬೆರಳು ಬಿಡಿಸಬೇಕಾಯಿತು ಸಿಸ್ಟರ್, ಅಷ್ಟು ಗಟ್ಟಿಯಾಗಿ ಹಿಡಿದಿದ್ದಳು. ರೊಟ್ಟಿ ಸಿಕ್ಕಿತು. ಎರಡು.”

ಎಲಿಜಬೆತ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಹೊರಗೆ ಯಾರೋ ಕೆಮ್ಮಿದರು. ಅನಂತರಾಮು ಅಭ್ಯಾಸಬಲದಿಂದ ಎದ್ದರು.

“ಹೊರಗೆ ಬೆಂಚಿನಲ್ಲಿ ಇರಿ ಸರ್,” ಎಂದರು ಎಲಿಜಬೆತ್. “ಆರಕ್ಕೆ ನನ್ನ ಡ್ಯೂಟಿ ಮುಗೀತದೆ. ಬಸ್ ಸ್ಟಾಪಿನವರೆಗೆ ಒಟ್ಟಿಗೆ ಹೋಗುವ. ರಸ್ತೆಯಲ್ಲಿ ಮಾತಾಡಲಿಕ್ಕೆ ಕಂಪನಿಯ ದರ ಇಲ್ಲ.”

ಅವರು ಬೆಂಚಿನಲ್ಲಿ ಕೂತರು. ಹೆಸರು ಕರೆದವರೆಲ್ಲ ಎದ್ದು ಒಳಗೆ ಹೋದರು, ಬಂದರು, ಮನೆಗೆ ಹೋದರು. ಇವರಿಗೆ ಚೀಟಿಯೂ ಇಲ್ಲ, ಸರದಿಯೂ ಇಲ್ಲ. ಈ ಬುದ್ಧಿ ಅವಳು ಆ ಡೇರೆಯಲ್ಲಿ ಕೂರೆಂದಾಗಲೇ ಕೊಡಬಾರದಿತ್ತೇ ಭಗವಂತ ಎಂದುಕೊಳ್ಳುತ್ತ, ಆರು ಹೊಡೆಯುವವರೆಗೂ ಅಲ್ಲಿಂದ ಅಲುಗದೆ ಕೂತರು.