ಬರುವ ವೇಗ, ಹೋಗುವ ವೇಗ

ಟೆಲಿಫೋನ್ ತಂತಿಯಲ್ಲಿ ಬರುವ ವೇಗ ಬೇರೆ, ಹೋಗುವ ವೇಗ ಬೇರೆ ಎಂಬುದು ರಾಜ್ಯಗಳ ಗಡಿಯಷ್ಟೇ ಗಂಭೀರವಾದ ವಿಷಯ. ಅದನ್ನು ಅರಿಯದೆ ಯಾರೂ ಮದುವೆಯಾಗಬಾರದು, ಮನೆ ಕಟ್ಟಬಾರದು, ಪುಟವಿನ್ಯಾಸದ ಅಂಗಡಿಯನ್ನಂತೂ ತೆರೆಯಲೇಬಾರದು. ಆ ಮನೆಯ ಅತ್ತಿಗೆ ಮೂರನ್ನೂ ಅರಿಯದೆಯೇ ಮಾಡಿ ಮುಗಿಸಿದ್ದಳು. ಮೂರನೆಯದು ಈಗ ಕುತ್ತಿಗೆಗೆ ಬಂದಿತ್ತು.

ವಾರಪತ್ರಿಕೆಯ ಕೊನೆಯ ಪುಟ ಆರು ಗಂಟೆಯೊಳಗೆ ಮುದ್ರಣಾಲಯ ಸೇರಬೇಕಿತ್ತು. ಹಿಂದಿನ ವಾರ ತಡವಾಗಿತ್ತು. ಇನ್ನೊಮ್ಮೆ ತಡವಾದರೆ ಕೆಲಸ ಎದುರು ಸಾಲಿನ ಅಂಗಡಿಗೆ ಎಂದು ಫೋರ್‌ಮನ್ ಮೆತ್ತಗೆ ಹೇಳಿದ್ದ. ಅವನು ಮೆತ್ತಗೆ ಮಾತಾಡಿದಾಗಲೇ ಹೆದರಬೇಕು.

ಅದಕ್ಕೆಂದೇ ಮೈದುನ ಕಂಪ್ಯೂಟರಿನಿಂದ ಫೋನ್ ತಂತಿಯಲ್ಲೇ ಪುಟ ಕಳಿಸುವ ಹೊಸ ಮೋಡೆಮ್ ತಂದಿದ್ದ. ಡಬ್ಬಿಯ ಮೇಲೆ ಸೆಕೆಂಡಿಗೆ ಐವತ್ತಾರು ಸಾವಿರ ಬಿಟ್ ಎಂದಿತ್ತು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ ಸೆಕೆಂಡಿಗೆ ಏಳು ಸಾವಿರ ಬೈಟ್, ಮುಕ್ಕಾಲು ಗಂಟೆಯಲ್ಲಿ ಪುಟ ಆಚೆ ಎಂದು ಲೆಕ್ಕ ಹಾಕಿದ. ಪರೀಕ್ಷೆಗೆ ದೊಡ್ಡದೊಂದು ಚಿತ್ರವನ್ನು ಅದೇ ತಂತಿಯಲ್ಲಿ ತರಿಸಿಕೊಂಡ. ಲೆಕ್ಕ ಹೆಚ್ಚುಕಮ್ಮಿ ತಾಳೆಯಾಯಿತು. ಆಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಐದಕ್ಕೆ ಮೋಡೆಮ್ ಕಿರುಚಿ, ಕೆಮ್ಮಿ, ಸುಮ್ಮನಾಯಿತು. ಪುಟ ಹೊರಟಿತು. ಐದೂವರೆಯಾದರೂ ಪರದೆಯ ಪಟ್ಟಿ ಅರ್ಧವನ್ನೂ ಮುಟ್ಟಿರಲಿಲ್ಲ.

“ಲೈನ್ ಸರಿಯಿಲ್ಲ ಅತ್ತಿಗೆ.”

ಅವಳು ಡಬ್ಬಿ ತಿರುಗಿಸಿದಳು. ಅಡಿಯಲ್ಲಿ ಇರುವೆಯಂಥ ಅಕ್ಷರಗಳು: ಈ ವೇಗ ಬರುವುದಕ್ಕೆ ಮಾತ್ರ, ಕಳಿಸುವುದಕ್ಕೆ ಹೆಚ್ಚೆಂದರೆ ಮೂವತ್ತಮೂರು ಸಾವಿರದ ಆರುನೂರು.

“ನೀನು ಅಳೆದಿದ್ದು ಏನನ್ನ?”

“ವೇಗಾನ.”

“ಬರೋ ವೇಗಾನ. ನಾವು ಕಳಿಸೋರು ಕಣೋ.”

ಒಳಗಿನಿಂದ ಅತ್ತೆ, ತಂಗಿಗೆ ಒಂದೇ ಒಂದು ಮಾತು ಹೇಳಿ ಇಟ್ಟುಬಿಡಲೇ ಎಂದು ಕೇಳಿದರು. ಅದೇ ಲೈನಿನ ಫೋನ್. ಎತ್ತಿದರೆ ಸಂಪರ್ಕ ಕಡಿಯುತ್ತದೆ. ಅಲ್ಲದೆ ಅವರ ಒಂದು ಮಾತು ಯಾವತ್ತೂ ಒಂದೇ ಆದದ್ದಿಲ್ಲ.

“ಆರು ಗಂಟೆವರೆಗೆ ಆ ಫೋನ್ ಸತ್ತಿದೆ ಅಂದ್ಕೊಳ್ಳಿ ಅತ್ತೆ.”

ಒಳಗೆ ಹಾರ್ಮೋನಿಯಂನ ಗಾಳಿ ಹೋದಂಥ ಒಂದು ನಿಟ್ಟುಸಿರು ಕೇಳಿತು. ಅಷ್ಟೇ.

ಹೀಗೇ ಬಿಟ್ಟರೆ ಆರೂಕಾಲು ದಾಟುತ್ತದೆ. ನಿಲ್ಲಿಸಿದರೆ ಹೋದದ್ದೆಲ್ಲ ನೀರುಪಾಲು. ಆದರೆ ಪುಟದಲ್ಲಿದ್ದದ್ದು ನಾಲ್ಕು ಶಾಯಿಗಳ ನಾಲ್ಕು ಪದರ. ಕಪ್ಪೊಂದನ್ನೇ ಉಳಿಸಿದರೆ ಭಾರ ಕಾಲು ಭಾಗ. ಅವಳು ಗಡಿಯಾರ ನೋಡಿದಳು.

“ನಿಲ್ಲಿಸು. ಬಣ್ಣ ತೆಗಿ.”

“ಅತ್ತಿಗೆ, ಅದು ಪೇಂಟ್ ಅಂಗಡಿ ಜಾಹೀರಾತು.”

“ಗೊತ್ತು. ತೆಗಿ.”

ಅವನು ಪುಟವನ್ನು ಕಪ್ಪುಬಿಳುಪು ಮಾಡಿ ಮತ್ತೆ ಡಯಲ್ ಮಾಡಿದ. ಎಂಗೇಜ್. ಮತ್ತೊಮ್ಮೆ ಮಾಡಿದ. ಮೋಡೆಮ್ ಬಹಳ ಹೊತ್ತು ಯೋಚಿಸಿ ಕಿರುಚಿತು. ಪಟ್ಟಿ ಸರಿಯತೊಡಗಿತು. ಇಬ್ಬರೂ ಉಸಿರು ಜೋರಾಗಿ ಬಿಟ್ಟರೆ ಎಲ್ಲಿ ತಂತಿ ಅಲುಗಾಡುತ್ತದೋ ಎಂಬಂತೆ ಕೂತರು.

ಆರಕ್ಕೆ ಸ್ವಲ್ಪ ಮುಂಚೆ ಪುಟ ತಲುಪಿತು. ಕೆಲಸ ಅವರಲ್ಲೇ ಉಳಿಯಿತು. ಪೇಂಟ್ ಅಂಗಡಿಯ ಕಾಮನಬಿಲ್ಲು ಕಪ್ಪುಬಿಳುಪಿನಲ್ಲಿ ಅಚ್ಚಾಯಿತು.