ಎರಡನೆಯ ಸಹಿ

ಎಸ್ಟಿಲ್ ರಾಟ್ಲಿಫ್ ತನ್ನ ಹೆಂಡತಿಯ ಬಿಳಿ ನಿಲುವಂಗಿಯನ್ನು ಎದೆಗವಚಿಕೊಂಡು ಅಂಗಡಿಗೆ ಬಂದಾಗ ವರ್ನಾ ಹಾಲ್ಕಮ್ ಮೊದಲು ಮಾಡಿದ ಕೆಲಸ ನಲ್ಲಿ ತಿರುಗಿಸಿ, ಗಾಜಿನ ಲೋಟ ತುಂಬಿಸಿ, ಬೆಳಕಿಗೆ ಹಿಡಿದು ನೋಡಿದ್ದು. ನೀರು ತಿಳಿಯಾಗಿತ್ತು. ಕೆಂಟಕಿಯ ಆ ಗುಡ್ಡದ ಊರಲ್ಲಿ ಇಪ್ಪತ್ತೆರಡು ವರ್ಷದಿಂದ ಲಾಂಡ್ರಿ ನಡೆಸಿದವಳಿಗೆ ಮೂರು ವರ್ಷದಿಂದ ಈ ಲೋಟದ ಪರೀಕ್ಷೆ ಅಂಟಿಕೊಂಡಿತ್ತು. ಕೌಂಟಿ ಆಡಳಿತದವರ ನೀರಿನ ಪೈಪುಗಳು ತುಕ್ಕು ಹಿಡಿದು ಎಲ್ಲೆಲ್ಲೋ ಒಡೆಯುತ್ತಿದ್ದವು. ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

"ಓಪಲ್‌ಗೆ ಇದನ್ನೇ ಹಾಕ್ಬೇಕಂತೆ ಮಗಳೇ. ಚರ್ಚಲ್ಲಿ ಹಾಡೋವಾಗ ತೊಡ್ತಿದ್ಳಲ್ಲ, ಅದು. ಪ್ರಾಣ ಹೋಗೋ ಮುಂಚೆ ಮೂರು ಸಲ ಹೇಳಿದ್ಳು," ಎಂದ ಮುದುಕ. "ನಾಳೆ ಹತ್ತಕ್ಕೆ ಮಣ್ಣು."

"ನೀವು ಮನೆಗೆ ಹೋಗಿ. ಒಗೆದು ಇಸ್ತ್ರಿ ಹಾಕಿ ಸಂಜೆಗೆ ನಾನೇ ತಂದುಕೊಡ್ತೀನಿ."

ಮಷೀನು ಎರಡನೆಯ ಸಲ ನೀರು ತುಂಬಿಕೊಳ್ಳುವಾಗ ಅದರ ಗಾಜಿನ ಬಾಗಿಲಾಚೆ ಚಹಾದಂಥ ನೀರು ಸುತ್ತತೊಡಗಿತು. ವರ್ನಾ ಓಡಿಹೋಗಿ ಪ್ಲಗ್ ಕಿತ್ತಳು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಗುಡ್ಡದ ಒರತೆಯಿಂದ ಕ್ಯಾನುಗಳಲ್ಲಿ ನೀರು ಹೊತ್ತು ತಂದಳು. ನಿಂಬೆರಸ, ಉಪ್ಪು, ವಿನೆಗರ್ ಹಾಕಿ, ಬೆರಳ ಗೆಣ್ಣುಗಳ ಚರ್ಮ ಸುಲಿಯುವ ತನಕ ಉಜ್ಜಿದಳು. ಎದೆಯ ಮೇಲಿನ ಕಂದು ಕಲೆಗಳು ಇನ್ನಷ್ಟು ಹರಡಿದವೇ ಹೊರತು ಹೋಗಲಿಲ್ಲ.

ಸಂಜೆ ಎಸ್ಟಿಲ್ ಆ ಕಲೆಗಳ ಮೇಲೆ ಒಮ್ಮೆ ಕೈಯಾಡಿಸಿದ. "ಬಿಡು. ಅವಳ ನೀಲಿ ಗೌನು ಇದೆ," ಎಂದ.

ಅವನು ನಾಲ್ಕು ಮಾತು ಬೈದಿದ್ದರೆ ವರ್ನಾಗೆ ಅಂದು ಊಟ ಸೇರುತ್ತಿತ್ತೇನೋ.

ಮಂಗಳವಾರ ಕೌಂಟಿ ಸಭೆ. ಹಿಂದೆ ಆರು ಸಲ ಹೋಗಿ ದೂರು ಹೇಳಿ ಬಂದಿದ್ದಳು. ಈ ಸಲ ಎಸ್ಟಿಲ್‌ನನ್ನು ಕೇಳಿ ಆ ನಿಲುವಂಗಿಯನ್ನೇ ಒಯ್ದು ಮೇಜಿನ ಮೇಲೆ ಹರಡಿದಳು. ಅವಳ ವಾರ್ಡಿನ ಸದಸ್ಯನೂ ಸಭೆಯ ಅಧ್ಯಕ್ಷನೂ ಆದ ಹೋಬರ್ಟ್ ಸ್ಟಾಲಾರ್ಡ್ ಅದರತ್ತ ಕಣ್ಣು ಹಾಯಿಸಿ, ಗಡಿಯಾರ ನೋಡಿದ.

"ನಿನ್ನ ಮೂರು ನಿಮಿಷ ಮುಗೀತು, ವರ್ನಾ."

"ಮೂರು ವರ್ಷ ಮುಗೀತು, ಹೋಬರ್ಟ್."

"ಪೈಪ್ ಹಾಕ್ಸೋದು ಬಟ್ಟೆ ಒಗೆದಷ್ಟು ಸುಲಭ ಅಲ್ಲಮ್ಮ. ಅಷ್ಟೆಲ್ಲ ಗೊತ್ತಿದ್ರೆ ನೀನೇ ಬಂದು ಈ ಕುರ್ಚೀಲಿ ಕೂತ್ಕೊ."

ಸಭೆಯಲ್ಲಿ ಕಿಸಕ್ಕನೆ ನಗು ಎದ್ದಿತು.

"ಕೂತ್ಕೋತೀನಿ," ಎಂದಳು ವರ್ನಾ. ಬಾಯಿಂದ ಬಿದ್ದ ಮಾತು ಕೇಳಿ ಅವಳೇ ಬೆಚ್ಚಿದಳು.

ಮೇ ತಿಂಗಳ ಚುನಾವಣೆಗೆ ನಾಮಪತ್ರ ಕೊಡಲು ಆ ಶುಕ್ರವಾರ ನಾಲ್ಕು ಗಂಟೆ ಕೊನೆ. ಬೇಕಿದ್ದದ್ದು ವಾರ್ಡಿನ ಇಬ್ಬರು ಮತದಾರರ ಸಹಿ, ಅಷ್ಟೆ. ಎಸ್ಟಿಲ್ ಮೊದಲನೆಯದನ್ನು ಹಾಕಿಕೊಟ್ಟ. ಎರಡನೆಯದಕ್ಕೆ ಅವಳು ಎರಡು ದಿನ ಅಂಗಡಿ ಮುಚ್ಚಿ ಹಿಮದಲ್ಲಿ ಮನೆಮನೆ ತಿರುಗಿದಳು. ಆ ಊರಲ್ಲಿ ಗಣಿ ಮುಚ್ಚಿದ ಮೇಲೆ ಕೌಂಟಿಯ ಸಂಬಳ ನೆಚ್ಚದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಹೋಬರ್ಟನ ವಿರುದ್ಧ ಸಹಿ ಹಾಕಿದರೆ ಆ ಸಂಬಳ ಹೋದಂತೆಯೇ. ಶಾಲಾ ಬಸ್ಸಿನ ಡ್ರೈವರು ಕಾಫಿ ಕೊಟ್ಟ, ಸಹಿ ಕೊಡಲಿಲ್ಲ. ಒಡಹುಟ್ಟಿದ ತಂಗಿಯೇ ಬಾಗಿಲಲ್ಲಿ ಕಣ್ಣೀರು ಹಾಕಿದಳು. "ನನ್ನ ಮಗ ರಸ್ತೆ ಕೆಲಸದಲ್ಲಿದಾನೆ ಅಂತ ನಿಂಗೆ ಗೊತ್ತಲ್ಲಕ್ಕ. ಓಟು ನಿಂಗೇ ಹಾಕ್ತೀನಿ, ಆಣೆ. ಹೆಸರು ಮಾತ್ರ ಬೇಡ."

ಶುಕ್ರವಾರ ಮಧ್ಯಾಹ್ನ ಅಂಗಡಿಯ ನಲ್ಲಿಗಳು ಪೂರಾ ಒಣಗಿದವು. ಇನ್ನು ಆಗಲ್ಲ ಎಂದು ಕೈಚೆಲ್ಲಿದ ವರ್ನಾ, ನೀರು ಯಾವಾಗ ಬರುತ್ತೆಂದು ಕೇಳಲು ಪೈಪು ಒಡೆದಿದ್ದ ಹಳ್ಳದ ಬಳಿ ಹೋದಳು. ಕೌಂಟಿಯ ನೀರು ಸರಬರಾಜಿನ ಮೇಸ್ತ್ರಿ ಡೆನ್ವರ್ ಕಾಲೆಟ್ ಸೊಂಟದಾಳದ ಗುಂಡಿಯಲ್ಲಿ ನಿಂತು ಒಡೆದ ಪೈಪಿಗೆ ಪಟ್ಟಿ ಬಿಗಿಯುತ್ತಿದ್ದ.

"ಕೈಲಿರೋ ಆ ಕಾಗದ ಏನು?" ಎಂದ.

"ಏನಿಲ್ಲ. ನಾಮಪತ್ರ. ಒಂದು ಸಹಿ ಕಮ್ಮಿ."

ಅವನು ಸ್ಪ್ಯಾನರ್ ಕೆಳಗಿಟ್ಟ. "ಈ ಪೈಪು ನನ್ನಪ್ಪ ಹೂತಿದ್ದು. ಬದಲಾಯಿಸಿ ಅಂತ ಹನ್ನೊಂದು ಸಲ ಬರೆದುಕೊಟ್ಟೆ. ಹೋಬರ್ಟ್ ಒಂದಕ್ಕೂ ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ. ಓಪಲಮ್ಮನ ನಿಲುವಂಗಿ ವಿಷ್ಯ ಕೇಳಿದ ಮೇಲೆ ನಂಗೆ ನಿದ್ದೆ ಇಲ್ಲ. ಕೊಡಿಲ್ಲಿ."

ಬೇಡ ಡೆನ್ವರ್, ನಿನ್ನ ಕೆಲಸ ಹೋಗುತ್ತೆ ಎಂದು ವರ್ನಾ ಅನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ವರ್ನಾ ಬಾಗಿ ಅವನ ಕೆಸರುಗೈಗೆ ಪೆನ್ನು ಕೊಟ್ಟಳು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕೋರ್ಟು ಕಟ್ಟಡದ ಗುಮಾಸ್ತೆ ನಾಮಪತ್ರಕ್ಕೆ ಮುದ್ರೆ ಒತ್ತಿದಳು. ಮುಂದಿನ ಗುರುವಾರ ಡೆನ್ವರನ ಕೈಗೆ ಒಂದು ಕಾಗದ ಬಂತು. ಅವನ ಹುದ್ದೆ ಕೌಂಟಿಗೆ ಇನ್ನು ಬೇಕಿಲ್ಲವಂತೆ.

ವರ್ನಾ ಆ ದಿನವೇ ಅವನ ಮನೆಗೆ ಹೋದಳು. ಬಾಗಿಲು ತೆರೆದವಳು ಅವನ ಹೆಂಡತಿ ನಡೀನ್.

"ಅವನು ಮಲಗಿದಾನೆ. ಹತ್ತೊಂಬತ್ತು ವರ್ಷದಲ್ಲಿ ಹಗಲು ಮಲಗಿದ್ದು ಇದೇ ಮೊದಲು. ನೋಡ್ಕೊಂಡು ಹೋಗೋಕೆ ಬಂದ್ಯಾ?"

"ತಪ್ಪಾಯ್ತು, ನಡೀನ್. ನಾನು ಬೇಡ ಅನ್ಬೇಕಿತ್ತು. ಬೇಕಂತಲೇ ಅನ್ಲಿಲ್ಲ. ನಾನು ನಾಮಪತ್ರ ವಾಪಸ್ ತಗೊಂಡ್ರೆ ಅವನ ಕೆಲಸ..."

"ವಾಪಸ್ ತಗೋತೀಯಾ?" ನಡೀನಳ ದನಿ ಏರಿತು. "ನನ್ನ ಗಂಡ ಕೆಲಸ ಕಳ್ಕೊಂಡಿದ್ದು ನೀನು ಹೆದರಿ ಮನೆ ಸೇರ್ಲಿ ಅಂತಾನಾ? ಮೇ ತಿಂಗಳಲ್ಲಿ ನೀನು ಸೋತ್ರೆ ಈ ಕುಟುಂಬ ಊರು ಬಿಡಬೇಕು. ಅದನ್ನ ತಲೇಲಿಟ್ಕೊ."

ಅಂಗಡಿ ಉಳಿಯಲೆಂದು ಶುರುವಾದದ್ದೋ, ಓಪಲಳಿಗಾಗಿ ಶುರುವಾದದ್ದೋ, ಈಗ ಅದು ವರ್ನಾಳ ಕೈಮೀರಿ ಹೋಗಿತ್ತು. ನಡೀನಳ ಮಕ್ಕಳ ಊಟವೂ ಅವಳ ಹೆಗಲೇರಿ ಕೂತಿತ್ತು.

ನಡೀನ್ ಅವಳ ಕಂಕುಳಲ್ಲಿದ್ದ ಕರಪತ್ರಗಳನ್ನು ಕಂಡಳು. "ಎಷ್ಟು ಮನೆಗೆ ಹಂಚಿದ್ದೀಯ?"

"ನಾಲ್ಕು."

"ವಾರಕ್ಕೆ ನಾಲ್ಕು! ಉದ್ಧಾರ ಆದ್ಹಾಗೆ." ಅವಳು ಒಳಗೆ ಹೋಗಿ ಗಂಡನ ದಪ್ಪ ಕೋಟು ತೊಟ್ಟು ಬಂದಳು. ಅರ್ಧ ಕಟ್ಟನ್ನು ಕಿತ್ತುಕೊಂಡು, ವರ್ನಾಳ ಮುಖ ನೋಡದೆ ರಸ್ತೆಯ ಎಡಬದಿಗೆ ಇಳಿದಳು.

"ನೀನು ಆ ಕಡೆ ಹೋಗು," ಎಂದಳು.

ಬಲಬದಿಯ ಮೊದಲ ಮನೆಯಲ್ಲಿ ಪರದೆ ಸರಿದು ಮತ್ತೆ ಮುಚ್ಚಿಕೊಂಡಿತು. ವರ್ನಾ ಹೋಗಿ ಬಾಗಿಲು ತಟ್ಟಿದಳು. ಯಾರೂ ತೆರೆಯಲಿಲ್ಲ. ಮತ್ತೆ ತಟ್ಟಿದಳು.