ಮಾರಿದ ಕಾರಿನ ಪಾಲು

ಡಾಕ್ಟರಾಗಿದ್ದ ಗಂಡ ಅನಂತಕೃಷ್ಣ ಕೋವಿಡ್‌ನಿಂದ ತೀರಿಕೊಂಡ ಮೇಲೆ, ಅವನ ಹೆಸರಿಗೆ ಬಂದ ಲಕೋಟೆಗಳನ್ನು ಒಡೆಯಲು ರತ್ನಾಳಿಗೆ ಮನಸ್ಸಾಗಿರಲಿಲ್ಲ. ಲಾಕ್‌ಡೌನ್ ಸಡಿಲವಾದಾಗ, ಅವನು ರಿಪೇರಿಗೆ ಬಿಟ್ಟಿದ್ದ ಕಾರನ್ನು ತರಲು ತಾವು ನೆಲೆಸಿದ್ದ ವಿದೇಶದ ಊರು ವಾಟರ್‌ಫರ್ಡ್‌ನ ಗ್ಯಾರೇಜಿಗೆ ಹೋದಳು. ಬಿಲ್ ಕಟ್ಟಲಿಲ್ಲವೆಂದು ಅದನ್ನು ಹರಾಜು ಹಾಕಿಯಾಗಿತ್ತು. ನೋಟಿಸು ಆ ಲಕೋಟೆಗಳಲ್ಲೇ ಇತ್ತಂತೆ.

ಜೊತೆಗೆ ಬಂದಿದ್ದ ನೆರೆಮನೆಯ ಲೋಹಿತ್ ಲೆಕ್ಕದ ಹಾಳೆ ಓದಿ ಹೇಳಿದ: "ಬಂದ ದುಡ್ಡಲ್ಲಿ ಮೊದ್ಲು ಹರಾಜಿನ ಖರ್ಚು, ಆಮೇಲೆ ರಿಪೇರಿ, ಪಾರ್ಕಿಂಗ್ ಬಾಡಿಗೆ. ಮಿಕ್ಕಿದ್ದು ಕಾರ್ ಲೋನ್‌ಗೆ ಹೋಗಿದೆ ಅಕ್ಕಾ. ಅದೆಲ್ಲ ತೀರಿ ಉಳಿದ್ರೆ ನಿಮ್ಗೆ."

"ಉಳಿದಿದ್ಯಾ?"

"ಇಲ್ಲ. ಲೋನೇ ಇನ್ನೂ ಬಾಕಿ ಐತೆ."

ಇಬ್ಬರೂ ಬಸ್ಸಿಗೆ ಕಾದು ನಿಂತರು. ಮಾಸ್ಕಿನೊಳಗೆ ಅವಳು ಅಳುತ್ತಿದ್ದುದು ಬಸ್ಸು ಬಂದಾಗ ಅವಳು ಒದ್ದೆಯಾದ ಮಾಸ್ಕ್ ಬದಲಿಸುವವರೆಗೂ ಲೋಹಿತ್‌ಗೆ ಗೊತ್ತಾಗಲಿಲ್ಲ.